ಅಂಧರ ಸಂಚಾರಕ್ಕೆ ಅಡ್ಡಬರುವ ಮೈಲಿಗೆ

ಸ್ಥಾವರ ಮತ್ತು ಜಂಗಮ ಎಂಬ ಎರಡು ಪದಗಳಲ್ಲಿ ಶರಣಧರ್ಮದ ಬಹುಪಾಲು ಮರ್ಮ ಅಡಗಿದೆ. ಶರೀರವನ್ನೇ ಶಿವಾಲಯವೆಂದು ಭಾವಿಸಿ ಬಸವಣ್ಣನವರು ಹೇಳಿದ ಪ್ರಸಿದ್ಧ ವಚನವು ಮಠದ ಭಕ್ತರೆಲ್ಲರಿಗೂ ಬಾಯಿಪಾಠವಾಗಿದೆ. ಅದರ ಕೊನೆಯಲ್ಲಿ ಅವರು ನಿಂತಿರುವುದಕ್ಕಿಂತ ಚಲಿಸುವುದಕ್ಕೇ ಹೆಚ್ಚಿನ ಬಾಳಿಕೆಯನ್ನು ಕೊಟ್ಟಿದ್ದಾರೆ. ಈ ವಚನದ ವ್ಯಾಖ್ಯಾನಕ್ಕೆ ತೊಡಗಿದವರು ಸಾಮಾನ್ಯವಾಗಿ ಕಲ್ಲಿನ ಗುಡಿಯ ನಿರಾಕರಣೆಯ ಬಳಿಗೆ ಬಂದು ನಿಲ್ಲುತ್ತಾರೆ. ಜಂಗಮವೆಂದರೆ ಅರಿವು, ಜಂಗಮವೆಂದರೆ ಗುರು, ಜಂಗಮವೆಂದರೆ ಸಮಾಜ ಎಂಬ ಅರ್ಥಗಳೆಲ್ಲವೂ ಯುಕ್ತವೇ. ಆದರೆ ಆ ಪದಕ್ಕೆ ಎಲ್ಲಕ್ಕಿಂತ ಮೊದಲು ಇರುವ ಅರ್ಥ ಬಹಳ ಸರಳವಾದುದು: ನಡೆದಾಡುವುದು, ಒಂದೆಡೆಯಿಂದ ಮತ್ತೊಂದೆಡೆಗೆ ಹೋಗುವುದು. ಆ ಸರಳ ಅರ್ಥವನ್ನು ಮರೆತು ಗಹನವಾದ ಅರ್ಥಗಳನ್ನು ಮಾತ್ರ ಹಿಡಿದುಕೊಂಡ ವ್ಯಾಖ್ಯಾನ ಅಪೂರ್ಣವಾದುದು.

ನಡೆಯಬಲ್ಲ ಮನುಷ್ಯನೊಬ್ಬ, ಹೋಗಬೇಕಾದ ಊರನ್ನು ಬಲ್ಲವನು, ಕೈಯಲ್ಲಿ ಪಾಸನ್ನೂ ಹಿಡಿದವನು, ಬಸ್ಸಿನ ಬಾಗಿಲಿನಲ್ಲಿ ತಡೆಯಲ್ಪಟ್ಟನೆಂದರೆ ಅವನನ್ನು ಬಲಾತ್ಕಾರದಿಂದ ಸ್ಥಾವರವನ್ನಾಗಿ ಮಾಡಿದಂತೆಯೇ ಆಯಿತು. ಅವನ ದೃಷ್ಟಿಹೀನತೆ ಅವನನ್ನು ತಡೆಯಲಿಲ್ಲ. ತಡೆದದ್ದು ಬಾಗಿಲಲ್ಲಿ ನಿಂತವರ ಮನಸ್ಸು. ಜಗತ್ತಿನ ಅನೇಕ ದೇಶಗಳಲ್ಲಿ ಮಾರ್ಗದರ್ಶಿ ನಾಯಿಯೊಡನೆ ಸಂಚರಿಸುವ ಅಂಧರು ಈ ತಡೆಯನ್ನು ದಿನನಿತ್ಯ ಎದುರಿಸುತ್ತಿದ್ದಾರೆ. ನಾಯಿ ಎಂಬ ಒಂದು ಶಬ್ದದಿಂದಲೇ ಚರ್ಚೆ ಮುಗಿದುಹೋಯಿತೆಂದು ಭಾವಿಸುವವರು ಭಾರತದಲ್ಲಿ ಬಹಳ ಮಂದಿ ಇರುವುದರಿಂದ, ಈ ವಿಷಯವನ್ನು ಶರಣರ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ಮಾರ್ಗದರ್ಶಿ ನಾಯಿಯ ಕೆಲಸದ ಕುರಿತು ಒಂದು ತಪ್ಪು ಕಲ್ಪನೆ ಎಲ್ಲೆಡೆ ಹರಡಿದೆ. ನಾಯಿಗೆ ಊರಿನ ದಾರಿಯೆಲ್ಲ ಗೊತ್ತಿದ್ದು, ಅದು ಕುರುಡನನ್ನು ಎಳೆದುಕೊಂಡು ಹೋಗುತ್ತದೆಂದು ಜನ ತಿಳಿದಿದ್ದಾರೆ. ವಾಸ್ತವವಾಗಿ ದಾರಿಯನ್ನು ಬಲ್ಲವನು ಮನುಷ್ಯನೇ. ಎಷ್ಟು ಬೀದಿ ದಾಟಬೇಕು, ಎಲ್ಲಿ ಎಡಕ್ಕೆ ತಿರುಗಬೇಕು ಎಂಬುದನ್ನು ಅವನು ಮನಸ್ಸಿನಲ್ಲಿಟ್ಟುಕೊಂಡು ಆಜ್ಞೆ ಕೊಡುತ್ತಾನೆ. ನಾಯಿಯು ಮೆಟ್ಟಿಲು ಬಂದಾಗ ನಿಲ್ಲುತ್ತದೆ, ಗುಂಡಿಯನ್ನು ಬಳಸುತ್ತದೆ, ತಲೆಯ ಮಟ್ಟದಲ್ಲಿ ಚಾಚಿಕೊಂಡಿರುವ ಕೊಂಬೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಡೆಯನಿಗೆ ತಾಗದಂತೆ ಸರಿದು ನಡೆಯುತ್ತದೆ. ಅದರ ಮೈಗೆ ಕಟ್ಟಿದ ಪಟ್ಟಿಯಿಂದ ಮೇಲೆದ್ದ ಗಟ್ಟಿಯಾದ ಹಿಡಿಕೆಯ ಮೂಲಕ ಆ ಚಲನೆಯ ಪ್ರತಿಯೊಂದು ಸೂಚನೆಯೂ ಮನುಷ್ಯನ ಅಂಗೈಗೆ ಬರುತ್ತದೆ. ಹಾರ್ನೆಸ್ ಎಂದು ಕರೆಯುವ ಆ ಪಟ್ಟಿ ಮೈಮೇಲಿರುವವರೆಗೆ ನಾಯಿ ಕೆಲಸದಲ್ಲಿರುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಅದು ಎಲ್ಲ ನಾಯಿಗಳಂತೆ ಚೆಂಡಿನ ಹಿಂದೆ ಓಡಾಡುವ ನಾಯಿಯೇ.

ಇದರಲ್ಲಿ ಅತ್ಯಂತ ಚಿಂತನೀಯವಾದದ್ದು ಮತ್ತೊಂದಿದೆ. ರಸ್ತೆ ದಾಟಲು ಒಡೆಯನು ಆಜ್ಞೆಯಿತ್ತಾಗ ಎದುರಿನಿಂದ ವಾಹನ ಬರುತ್ತಿದ್ದರೆ ನಾಯಿಯು ಆ ಆಜ್ಞೆಯನ್ನು ಮೀರಬೇಕು. ಹಾಗೆ ಮೀರುವುದನ್ನೇ ಅದಕ್ಕೆ ಕಲಿಸಲಾಗುತ್ತದೆ. ವಿಧೇಯತೆಯನ್ನು ಕಲಿಸುವುದು ಸುಲಭ; ಯಾವಾಗ ವಿಧೇಯವಾಗಿರಬಾರದು ಎಂಬುದನ್ನು ಕಲಿಸುವುದು ಕಷ್ಟ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಮುಂತಾದ ತಳಿಗಳ ಮರಿಗಳನ್ನು ಆಯ್ದು, ಒಂದು ವರ್ಷದಷ್ಟು ಕಾಲ ಸ್ವಯಂಸೇವಕರ ಮನೆಗಳಲ್ಲಿ ಬೆಳೆಸಿ, ಜನಸಂದಣಿ, ಸಂತೆ, ರೈಲಿನ ಸದ್ದುಗಳಿಗೆ ಒಗ್ಗಿಸಿ, ಅನಂತರ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಕೊನೆಗೆ ಅಂಧರೊಬ್ಬರೊಡನೆ ಜೊತೆಗೂಡಿಸುತ್ತಾರೆ. ಆರಿಸಿದ ಮರಿಗಳೆಲ್ಲವೂ ಈ ಕೆಲಸಕ್ಕೆ ಅರ್ಹವಾಗುವುದಿಲ್ಲ. ಬಸ್ಸನ್ನೇರಿದ ಮೇಲೆ ಒಡೆಯನ ಕಾಲ ಬುಡದಲ್ಲಿ, ಆಸನದ ಕೆಳಗೆ ಸದ್ದಿಲ್ಲದೆ ಮಲಗುವುದೂ ಆ ಶಿಕ್ಷಣದ ಭಾಗವೇ ಆಗಿದೆ.

ಈ ಪದ್ಧತಿಯ ಹುಟ್ಟು ಯುದ್ಧದ ಗಾಯದಿಂದಾಯಿತು. ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್ ಎಂಬಲ್ಲಿ ವೈದ್ಯ ಗೆರ್‌ಹಾರ್ಡ್ ಸ್ಟಾಲಿಂಗ್ ಎಂಬವರು 1916ರಲ್ಲಿ ಇಂಥ ಮೊದಲ ಶಾಲೆಯನ್ನು ತೆರೆದರು. ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ತರಬೇತುಗೊಳಿಸುತ್ತಿದ್ದ ಡೊರೊತಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ 1927ರಲ್ಲಿ ಪತ್ರಿಕೆಯೊಂದಕ್ಕೆ ಇದರ ಬಗ್ಗೆ ಲೇಖನ ಬರೆದರು. ಅದನ್ನು ಓದಿಸಿ ಕೇಳಿದ ನ್ಯಾಶ್‌ವಿಲ್ ನಗರದ ಅಂಧ ಯುವಕ ಮಾರಿಸ್ ಫ್ರಾಂಕ್ ಅಲ್ಲಿಗೆ ಹೋಗಿ, ಬಡ್ಡಿ ಎಂಬ ನಾಯಿಯೊಡನೆ 1928ರಲ್ಲಿ ಹಿಂದಿರುಗಿದರು. ನ್ಯೂಯಾರ್ಕಿನ ಅತ್ಯಂತ ದಟ್ಟಣೆಯ ಬೀದಿಯನ್ನು ಪತ್ರಕರ್ತರ ಎದುರಿನಲ್ಲಿ ಆ ಇಬ್ಬರೂ ದಾಟಿದರು. ಮರುವರ್ಷ ‘ದಿ ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. ಆದರೆ ಬೀದಿ ದಾಟುವುದಕ್ಕಿಂತ ರೈಲನ್ನು ಹತ್ತುವುದು ಫ್ರಾಂಕರಿಗೆ ಕಷ್ಟವಾಯಿತು. ನಾಯಿಯನ್ನು ಸಾಮಾನಿನ ಡಬ್ಬಿಗೆ ಹಾಕಿಸು ಎಂದು ಹೇಳುವವರೊಡನೆ ವಾದಿಸುತ್ತ, ಹೋಟೆಲು, ರೈಲು, ಕಚೇರಿಗಳ ಬಾಗಿಲುಗಳನ್ನು ಒಂದೊಂದಾಗಿ ತೆರೆಸುತ್ತ ಅವರು ವರ್ಷಗಳನ್ನೇ ಕಳೆಯಬೇಕಾಯಿತು. ಬಡ್ಡಿ 1938ರಲ್ಲಿ ತೀರಿಕೊಂಡಿತು. ಯಾವ ಬಾಗಿಲೂ ತಾನಾಗಿ ತೆರೆದುಕೊಳ್ಳಲಿಲ್ಲ ಎಂಬುದನ್ನು ಈ ಇತಿಹಾಸ ತಿಳಿಸುತ್ತದೆ.

ಕಾಲಕ್ರಮದಲ್ಲಿ ಕಾಯಿದೆಗಳು ಬಂದವು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯಿದೆಯ ಪ್ರಕಾರ ಅಂಗಡಿ, ಹೋಟೆಲುಗಳ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಈ ನಾಯಿ ಅಂಗವೈಕಲ್ಯದ ಕಾರಣ ಬೇಕಾದುದೇ, ಅದಕ್ಕೆ ಯಾವ ಕೆಲಸ ಕಲಿಸಲಾಗಿದೆ. ಕಾಗದಪತ್ರ ತೋರಿಸೆಂದು ಕೇಳುವಂತಿಲ್ಲ, ಅಲ್ಲೇ ಪರೀಕ್ಷೆ ಮಾಡಿ ತೋರಿಸೆಂದೂ ಹೇಳುವಂತಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯು ಟ್ಯಾಕ್ಸಿ ಚಾಲಕನು ಇಂಥ ನಾಯಿಯನ್ನು ನಿರಾಕರಿಸುವುದನ್ನೂ, ಅದಕ್ಕಾಗಿ ಹೆಚ್ಚಿನ ಹಣ ಕೇಳುವುದನ್ನೂ ಶಿಕ್ಷಾರ್ಹ ಅಪರಾಧವೆಂದು ಸಾರಿತು. ಉಬ್ಬಸ, ಅಲರ್ಜಿಗಳಂಥ ತೊಂದರೆಯಿರುವ ಚಾಲಕರಿಗೆ ವೈದ್ಯಕೀಯ ಆಧಾರದ ಮೇಲೆ ವಿನಾಯಿತಿ ಪತ್ರವನ್ನು ಕೊಡುವ ವ್ಯವಸ್ಥೆಯೂ ಅದೇ ಕಾಯಿದೆಯಲ್ಲಿದೆ. ಇದು ವಿವೇಕದ ಮಾರ್ಗ. ನಿಜವಾದ ತೊಂದರೆಯುಳ್ಳವನಿಗೆ ದಾರಿ ಕೊಟ್ಟು, ನೆಪ ಹೇಳುವವನನ್ನು ತಡೆಯುವ ಕ್ರಮವಿದು.

ಥೇಮ್ಸ್ ನದಿಯ ದಂಡೆಯ ಮೇಲೆ 2015ರಿಂದ ಬಸವಣ್ಣನವರ ಪ್ರತಿಮೆ ನಿಂತಿದೆ. ಆ ರಸ್ತೆಯಲ್ಲಿ ಹಾದುಹೋಗುವ ಕೆಂಪು ಬಸ್ಸುಗಳಲ್ಲಿ ನಾಯಿಯೊಡನೆ ಅಂಧರೊಬ್ಬರು ಏರಿ ಕುಳಿತರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಅಲ್ಲಿಯೂ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಾರದು. ಬಾಡಿಗೆ ಕಾರುಗಳ ವಿಷಯದಲ್ಲಿ ನಿರಾಕರಣೆಯ ದೂರುಗಳು ಇಂದಿಗೂ ಕೇಳಿಬರುತ್ತವೆ. ಅಮೆರಿಕದಲ್ಲಂತೂ ಮೊಬೈಲಿನಲ್ಲಿ ಕಾಯ್ದಿರಿಸುವ ಪ್ರಸಿದ್ಧ ಟ್ಯಾಕ್ಸಿ ಸಂಸ್ಥೆಯೊಂದರ ವಿರುದ್ಧ ಅಂಧರ ಸಂಘಟನೆಯು 2014ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಚಾಲಕನೊಬ್ಬ ಮಾರ್ಗದರ್ಶಿ ನಾಯಿಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿ ಮುಚ್ಚಿದ್ದನೆಂಬುದು ಆ ದೂರಿನಲ್ಲಿದ್ದ ಆರೋಪಗಳಲ್ಲೊಂದು. ತನ್ನ ಕಣ್ಣು ಡಿಕ್ಕಿಯಲ್ಲಿದೆಯೆಂದು ತಿಳಿದು, ನಿಲ್ಲಿಸೆಂದು ಕೇಳಿದರೂ ಕಾರು ನಿಲ್ಲದೆ ಓಡುತ್ತಿರುವಾಗ ಒಳಗೆ ಕುಳಿತ ಪ್ರಯಾಣಿಕನ ಸ್ಥಿತಿಯನ್ನು ಊಹಿಸಬಹುದು. ಪ್ರಕರಣ 2016ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಆದರೂ ಅದೇ ಸಂಸ್ಥೆಯ ವಿರುದ್ಧ ಅದೇ ಬಗೆಯ ದೂರುಗಳನ್ನು ಹಿಡಿದು 2025ರಲ್ಲಿ ಅಲ್ಲಿಯ ಸರ್ಕಾರವೇ ಮೊಕದ್ದಮೆ ಹೂಡಬೇಕಾಯಿತು. ಮನಸ್ಸು ಬದಲಾಗದೆ ಕಾಯಿದೆಯೊಂದೇ ಬಾಗಿಲಲ್ಲಿ ನಿಂತರೆ ಅದನ್ನು ಬಳಸಿಕೊಂಡು ಹೋಗುವವರು ಇದ್ದೇ ಇರುತ್ತಾರೆ.

ಇನ್ನು ಭಾರತದ ಸ್ಥಿತಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿವಿಕಲರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಅವರು ಎರಡೂವರೆ ಲಕ್ಷವನ್ನು ಮೀರಿದ್ದರು. ಇವರಲ್ಲಿ ಮಾರ್ಗದರ್ಶಿ ನಾಯಿಯುಳ್ಳವರು ತೀರ ವಿರಳ. ಬಹುತೇಕರಿಗೆ ಬಿಳಿಯ ಕೋಲು ಅಥವಾ ಮನೆಯವರ ಭುಜವೇ ಆಧಾರ. ಬೆರಳೆಣಿಕೆಯ ಜನರಿಗಾಗಿ ಇಷ್ಟೆಲ್ಲ ಚರ್ಚೆ ಏಕೆಂಬ ಪ್ರಶ್ನೆಯನ್ನು ಎತ್ತಬಹುದು. ಇದು ಸುತ್ತುಬಂದು ತನ್ನ ಬಾಲವನ್ನೇ ಕಚ್ಚುವ ವಾದ. ಬಸ್ಸು, ರೈಲು, ಕಚೇರಿಗಳ ಬಾಗಿಲು ತೆರೆಯುವುದೆಂಬ ಭರವಸೆ ಇಲ್ಲದಿದ್ದರೆ ನಾಯಿಯನ್ನು ತರಬೇತುಗೊಳಿಸುವವರು ಯಾರು? ನಾಯಿಗಳೇ ಇಲ್ಲವೆಂದ ಮೇಲೆ ಬಾಗಿಲು ತೆರೆಯುವ ಚಿಂತೆ ಯಾರಿಗೆ? ಬೀದಿನಾಯಿಗಳ ಕಾಟವೂ ಸಾಮಾನ್ಯವಾದುದಲ್ಲ. ಕೆಲಸದಲ್ಲಿರುವ ನಾಯಿಯನ್ನು ಹಿಂಡುನಾಯಿಗಳು ಮುತ್ತಿದರೆ ಅದರ ಒಡೆಯನೂ ಅಪಾಯಕ್ಕೊಳಗಾಗುತ್ತಾನೆ. ಈ ಕಷ್ಟಗಳು ನಿಜವಾದವು. ಆದರೆ ರಸ್ತೆಯ ಕಷ್ಟವನ್ನು ಮುಂದೆ ಮಾಡಿ ಬಸ್ಸಿನ ಬಾಗಿಲನ್ನೂ ಮುಚ್ಚುವುದು ನ್ಯಾಯವಾಗಲಾರದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ ತಿಂಗಳಿನಿಂದ ಜಾರಿಯಲ್ಲಿದೆ. ಅದರ 41ನೆಯ ಕಲಮು ಸಾರಿಗೆಯು ಅಂಗವಿಕಲರಿಗೆ ಎಟಕುವಂತಿರಬೇಕೆಂದು ವಿಧಿಸುತ್ತದೆ. ವ್ಯಕ್ತಿಯ ಸ್ಥಿತಿಗೆ ತಕ್ಕ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಈ ಅಧಿನಿಯಮ ಹೇಳುತ್ತದೆ. ಆದರೆ ಮಾರ್ಗದರ್ಶಿ ನಾಯಿ ಎಂಬ ಶಬ್ದ ಅದರಲ್ಲಿಲ್ಲ. ವಿಮಾನಯಾನದ ನಿಯಮಗಳು ಮಾತ್ರ ತರಬೇತಾದ ಇಂಥ ನಾಯಿಗೆ ಪ್ರಯಾಣಿಕರ ಕೋಣೆಯಲ್ಲೇ ಅವಕಾಶ ನೀಡಿವೆ. ಹೀಗಾಗಿ ಆಕಾಶದಲ್ಲಿ ಇರುವ ಸ್ಪಷ್ಟತೆ ನೆಲದ ಮೇಲೆ ಇಲ್ಲ; ವಿಮಾನವೇರುವ ಕೆಲವರಿಗೆ ದೊರೆತ ಮಾತು ಹಳ್ಳಿಯ ಬಸ್ಸಿಗೆ ಕಾಯುವವರಿಗೆ ದೊರೆತಿಲ್ಲ.

ಸರ್ವೋಚ್ಚ ನ್ಯಾಯಾಲಯವು ಈ ದಿಕ್ಕಿನಲ್ಲಿ ಗಟ್ಟಿಯಾದ ಮಾತುಗಳನ್ನಾಡಿದೆ. 2012ರಲ್ಲಿ ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ ಜೀಜಾ ಘೋಷ್ ಅವರು ವಿಮಾನವೇರಿ ಕುಳಿತ ಮೇಲೆ, ಅವರ ಅಂಗವೈಕಲ್ಯದ ಕಾರಣ ಅವರನ್ನು ಕೆಳಗಿಳಿಸಲಾಯಿತು. ನಾಲ್ಕು ವರ್ಷಗಳ ಬಳಿಕ, 2016ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ತೀರ್ಪಿನ ತಿರುಳೆಲ್ಲ ಘನತೆ ಎಂಬ ಒಂದು ಪದದ ಸುತ್ತ ಇದೆ. ಮುಂದೆ 2024ರ ನವೆಂಬರಿನಲ್ಲಿ, ರಾಜೀವ್ ರಾತೂರಿ ಅವರು ಹೂಡಿದ್ದ ಪ್ರಕರಣದಲ್ಲಿ, ಎಟಕುವಿಕೆಯ ಮಾನದಂಡಗಳನ್ನು ಕೇವಲ ಸಲಹೆಗಳಂತೆ ಇಟ್ಟಿದ್ದ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವಾದುದೆಂದು ನ್ಯಾಯಾಲಯ ತೀರ್ಮಾನಿಸಿ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ರಾತೂರಿಯವರು ಸ್ವತಃ ದೃಷ್ಟಿವಿಕಲರು. ಅನುಕೂಲವಾದರೆ ಮಾಡಿ ಎಂಬುದು ದಾನದ ಭಾಷೆ. ಮಾಡಲೇಬೇಕು ಎಂಬುದು ಹಕ್ಕಿನ ಭಾಷೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ಶರಣಪರಂಪರೆಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡುವವನು ಎತ್ತರದಲ್ಲಿಯೂ ಪಡೆಯುವವನು ತಗ್ಗಿನಲ್ಲಿಯೂ ನಿಲ್ಲುವ ಕೊಡುಗೆಯನ್ನು ಶರಣರು ಒಪ್ಪಿದವರಲ್ಲ.

ಇತ್ತೀಚಿನ ಮತ್ತೊಂದು ಆದೇಶವನ್ನು ಇಲ್ಲಿ ಗಮನಿಸಬೇಕು. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಲು ಆಜ್ಞೆ ಮಾಡಿತು. ನಾಯಿಕಡಿತದಿಂದ ಮಕ್ಕಳೂ ಮುದುಕರೂ ಪಡುತ್ತಿರುವ ಪಾಡನ್ನು ಕಂಡವರಾರೂ ಅದರ ಹಿಂದಿನ ಕಾಳಜಿಯನ್ನು ಅಲ್ಲಗಳೆಯಲಾರರು. ಆದರೆ ಮೇಲಿನಿಂದ ಹೊರಟ ಆಜ್ಞೆಯು ನಿಲ್ದಾಣದ ಬಾಗಿಲು ಕಾಯುವವನ ಕಿವಿಗೆ ಬೀಳುವ ಹೊತ್ತಿಗೆ ‘ನಾಯಿ ಒಳಗೆ ಬರಬಾರದು’ ಎಂಬ ಮೂರ್ನಾಲ್ಕು ಪದಗಳಾಗಿ ಉಳಿಯುವ ಸಂಭವವಿದೆ. ಹಾರ್ನೆಸ್ ತೊಟ್ಟು ಒಡೆಯನ ಎಡಬದಿಯಲ್ಲಿ ನಡೆದು ಬರುವ ನಾಯಿಗೂ, ಒಡೆಯನಿಲ್ಲದೆ ಅಲೆಯುವ ನಾಯಿಗೂ ಇರುವ ವ್ಯತ್ಯಾಸವನ್ನು ಆ ಕಾವಲುಗಾರನಿಗೆ ಈಗಲೇ ತಿಳಿಸಿ ಹೇಳುವುದು ಒಳ್ಳೆಯದು.

ಭಕ್ತರ ಮನಸ್ಸಿನಲ್ಲಿ ನಿಜವಾಗಿ ಇರುವ ಅಡ್ಡಿ ಕಾನೂನಿನದಲ್ಲ, ಮೈಲಿಗೆಯದು. ಹೇಳಲು ಸಂಕೋಚಪಟ್ಟರೂ ಇದು ಸತ್ಯ. ಪೂಜೆ ಮುಗಿಸಿ ವಿಭೂತಿ ಧರಿಸಿ ಬಸ್ಸಿನಲ್ಲಿ ಕುಳಿತವರಿಗೆ ನಾಯಿಯ ಮೈ ಸೋಕಿದರೆ ಮಡಿ ಕೆಟ್ಟಿತೆಂಬ ಭಾವನೆ ಬರುವುದುಂಟು. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ತೊಡೆದುಹಾಕಿದರು. ಕೊರಳಲ್ಲಿ ಇಷ್ಟಲಿಂಗವಿರುವ ಅಂಗಕ್ಕೆ ಹೊರಗಿನಿಂದ ಮೈಲಿಗೆ ತಗುಲುವುದಿಲ್ಲವೆಂಬುದೇ ಅದರ ಅರ್ಥ. ಹೆರಿಗೆಯ ಮನೆಯಲ್ಲಿ, ಸಾವಿನ ಮನೆಯಲ್ಲಿ ಇಲ್ಲದ ಸೂತಕವು ಬಸ್ಸಿನ ಆಸನದ ಕೆಳಗೆ ಮಲಗಿದ ಒಂದು ಪ್ರಾಣಿಯಿಂದ ಬಂದುಬಿಟ್ಟೀತೆ? ಹಾಗೆ ಬರುವುದೆಂದು ನಂಬುವವರು ಐದನ್ನು ಬಿಟ್ಟು ಆರನೆಯ ಸೂತಕವೊಂದನ್ನು ಹೊಸದಾಗಿ ಕಟ್ಟಿಕೊಂಡವರಾಗುತ್ತಾರೆ.

ವಚನಗಳಲ್ಲೇ ನಾಯಿಯನ್ನು ಹೀನೋಪಮೆಯಾಗಿ ಬಳಸಿದ್ದಾರಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಹೌದು, ಬಳಸಿದ್ದಾರೆ. ವಿಷಯಸುಖದ ಕಡೆಗೆ ಮತ್ತೆ ಮತ್ತೆ ಹರಿಯುವ ಮನಸ್ಸನ್ನು, ಹಸಿದ ಬಾಯಿಯ ಚಪಲವನ್ನು ಹೇಳಬೇಕಾದಾಗ ಕಣ್ಣೆದುರಿಗಿದ್ದ ಬೀದಿನಾಯಿಯ ಚಿತ್ರ ವಚನಕಾರರ ನೆರವಿಗೆ ಬಂದಿದೆ. ಆದರೆ ಅಲ್ಲೆಲ್ಲ ಅವರು ಬೈದದ್ದು ಮನುಷ್ಯನ ಮನಸ್ಸನ್ನೇ ಹೊರತು ಪ್ರಾಣಿಯನ್ನಲ್ಲ. ಮಂಗ, ಕಾಗೆ, ಕತ್ತೆ, ಕೋಣಗಳೂ ಇದೇ ಬಗೆಯಲ್ಲಿ ಉಪಮೆಯ ಕೆಲಸಕ್ಕೆ ಬಂದಿವೆ. ಉಪಮೆಯನ್ನು ಶಾಸ್ತ್ರವೆಂದು ಓದುವುದು ವಚನಗಳ ಓದಿನಲ್ಲಿ ಪದೇ ಪದೇ ಆಗುವ ಪ್ರಮಾದ. ಶರಣಚರಿತ್ರೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಉಂಟು. ವೇದಾಧಿಕಾರದ ಗರ್ವದಿಂದ ಮೆರೆದವರ ಎದುರಿಗೆ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆಯನ್ನು ಭಕ್ತರು ಶತಮಾನಗಳಿಂದ ಕೇಳುತ್ತ ಬಂದಿದ್ದಾರೆ. ಪವಾಡವನ್ನು ನಂಬುವವರೂ ನಂಬದವರೂ ಒಪ್ಪಬೇಕಾದ ಅಂಶವೊಂದು ಅದರಲ್ಲಿದೆ: ಅರ್ಹತೆಯು ಹುಟ್ಟಿನಿಂದ ಬರುವುದಿಲ್ಲವೆಂದು ತೋರಿಸಲು ಆ ಕಥೆಯು ಆರಿಸಿಕೊಂಡದ್ದು ಎಲ್ಲರೂ ಹೀನವೆಂದು ಬಗೆದ ಜೀವಿಯನ್ನು.

ಶರಣರ ವಲಯದ ಆಚೆಗೆ ನೋಡಿದರೂ ಮೈಲಾರಲಿಂಗನ ಗೊರವರಿಗೆ ನಾಯಿ ದೇವರ ಒಡನಾಡಿ. ಮಹಾಭಾರತದ ಕೊನೆಯಲ್ಲಂತೂ ಈ ಲೇಖನದ ವಿಷಯವೇ ಬರುತ್ತದೆ ಎನ್ನಬಹುದು. ಸ್ವರ್ಗಕ್ಕೆ ಕರೆದೊಯ್ಯಲು ಇಂದ್ರನು ರಥವನ್ನು ತಂದು ನಿಲ್ಲಿಸುತ್ತಾನೆ. ನಾಯಿಗೆ ಮಾತ್ರ ಸ್ಥಳವಿಲ್ಲವೆನ್ನುತ್ತಾನೆ. ದಾರಿಯುದ್ದಕ್ಕೂ ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥವೇರಲು ಧರ್ಮರಾಯನು ಒಪ್ಪುವುದಿಲ್ಲ. ಪುರಾಣಗಳ ವಿಷಯದಲ್ಲಿ ವಚನಕಾರರು ನಿಷ್ಠುರರಾಗಿದ್ದರು, ನಿಜ. ಆದರೂ ವಾಹನದ ಬಾಗಿಲಿನಲ್ಲಿ ನಡೆದ ಆ ವಾದದಲ್ಲಿ ಅವರು ಯಾರ ಪಕ್ಷ ವಹಿಸುತ್ತಿದ್ದರೆಂಬುದನ್ನು ಊಹಿಸಲು ಕಷ್ಟವಿಲ್ಲ.

ಈ ನಾಯಿಯ ಕುರಿತು ಶರಣರ ಭಾಷೆಯಲ್ಲಿ ಹೇಳಬೇಕೆಂದರೆ ಕಾಯಕವೆಂಬ ಪದವೇ ತಕ್ಕುದು. ಪಟ್ಟಿ ತೊಟ್ಟಾಗ ಅದು ಆಟದಲ್ಲಿಲ್ಲ, ಕಾಯಕದಲ್ಲಿದೆ. ಆದ್ದರಿಂದ ಪ್ರೀತಿಯಿಂದ ಅದರ ತಲೆ ಸವರುವುದೂ, ಬಿಸ್ಕತ್ತು ಎಸೆಯುವುದೂ, ‘ಬಾ ಬಾ’ ಎಂದು ಕರೆಯುವುದೂ ಉಪಕಾರವಲ್ಲ. ಗಮನ ಒಂದು ಕ್ಷಣ ಚದುರಿದರೆ ಮೆಟ್ಟಿಲಿನ ಅಂಚಿನಲ್ಲಿ ಎಡವುವವನು ಅದರ ಒಡೆಯ. ಮಠದ ದಾಸೋಹದಲ್ಲಿ ಕುಳಿತವರೊಬ್ಬರ ಪಕ್ಕದಲ್ಲಿ ಇಂಥ ನಾಯಿ ಇದ್ದರೆ ಅದಕ್ಕೆ ಪ್ರಸಾದವೆಂದು ಹೋಳಿಗೆಯ ಚೂರು ಹಾಕುವ ಆಸೆಯನ್ನೂ ತಡೆದುಕೊಳ್ಳಬೇಕು. ಕೇಳದೆ ಅಂಧರ ತೋಳು ಹಿಡಿದು ಎಳೆಯುವುದೂ, ನಾಯಿಯ ಪಟ್ಟಿಗೆ ಕೈ ಹಾಕುವುದೂ ಸಲ್ಲದು. ನೆರವು ಬೇಕೇ ಎಂದು ಕೇಳಿ, ಬೇಕೆಂದರೆ ತನ್ನ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಡಬೇಕು. ಇದು ಚಿಕ್ಕ ವಿಷಯವೆನಿಸಬಹುದು, ಆದರೆ ಅಂಧರು ಹೆಚ್ಚಾಗಿ ನೊಂದುಕೊಳ್ಳುವುದು ಇಂಥ ಎಳೆದಾಟದಿಂದಲೇ.

ಲಿಂಗಾಯತ ಪರಂಪರೆಗೆ ಅಂಧರ ವಿಷಯ ಹೊಸದಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಹುಟ್ಟಿನಿಂದ ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ಸಂಗೀತ ಕಲಿತು ಹೊರಬಂದ ಅಂಧ ಮಕ್ಕಳಿಗೆ ಲೆಕ್ಕವಿಲ್ಲ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಗವಾಯಿಗಳ ಕಾಯಕವೇ ಸಂಚಾರದ ಕಾಯಕ ಎಂಬುದನ್ನು ಇಲ್ಲಿ ನೆನೆಯಬೇಕು. ಶ್ರಾವಣ ಮಾಸ ಬಂದರೆ ಉತ್ತರ ಕರ್ನಾಟಕದ ಊರೂರಿನಲ್ಲಿ ಪುರಾಣ ಪ್ರವಚನ; ಶಾಸ್ತ್ರಿಗಳು, ಗವಾಯಿಗಳು, ತಬಲಾದವರು ಹಾರ್ಮೋನಿಯಂ ಹೊತ್ತು ಒಂದೂರಿನಿಂದ ಮತ್ತೊಂದೂರಿಗೆ ಬಸ್ಸು ಬದಲಿಸುತ್ತ ಹೋಗುತ್ತಾರೆ. ಕಣ್ಣಿಲ್ಲದ ಗವಾಯಿಯ ಹಾಡನ್ನು ಕೇಳಿ ಕಣ್ಣೀರು ಸುರಿಸಿದ ಭಕ್ತರು, ಮರುದಿನ ಅದೇ ಗವಾಯಿ ನಿಲ್ದಾಣದಲ್ಲಿ ಯಾವ ಬಸ್ಸು ಬಂತೆಂದು ತಿಳಿಯದೆ ನಿಂತಿರುವಾಗ ಅವರನ್ನು ದಾಟಿ ಓಡಿ ಕಿಟಕಿಯ ಬದಿಯ ಆಸನ ಹಿಡಿಯುತ್ತಾರೆ. ಜೊತೆಗಾರನಿಲ್ಲದೆ ಹೊರಡಲಾಗದ ಕಾರಣ ಎಷ್ಟೋ ಅಂಧರು ಬಂದ ಕರೆಯನ್ನು ಬಿಡಬೇಕಾಗುತ್ತದೆ. ಮೈಸೂರಿನ ನಗರ ಬಸ್ಸುಗಳಲ್ಲಿ ಅಂಧರಿಗೆ ಬಸ್ಸಿನ ಸಂಖ್ಯೆಯನ್ನು ದನಿಯಲ್ಲಿ ತಿಳಿಸುವ ‘ಧ್ವನಿ ಸ್ಪಂದನ’ ಎಂಬ ವ್ಯವಸ್ಥೆ ಬಂದಿರುವುದು ಒಳ್ಳೆಯ ಆರಂಭ. ಕೋಲು, ಯಂತ್ರ, ನಾಯಿ, ಮನುಷ್ಯನ ಭುಜ ಇವುಗಳಲ್ಲಿ ಯಾವುದು ತನಗೆ ಬೇಕೆಂಬುದನ್ನು ಆರಿಸಿಕೊಳ್ಳಬೇಕಾದವನು ಆ ವ್ಯಕ್ತಿಯೇ. ಆರಿಸಿದ್ದನ್ನು ಬಾಗಿಲಲ್ಲಿ ನಿಂತವರು ತಿರಸ್ಕರಿಸುವಂತಿರಬಾರದು.

ನಾಯಿಗೆ ಹೆದರುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬಾಲ್ಯದಲ್ಲಿ ಕಡಿಸಿಕೊಂಡವರ ಭಯ ಬುದ್ಧಿಮಾತಿಗೆ ಬಗ್ಗುವಂಥದಲ್ಲ. ಅಂಥವರಿಗೆ ಬಸ್ಸಿನ ಇನ್ನೊಂದು ತುದಿಯಲ್ಲಿ ಆಸನ ಕೊಡಿಸುವುದು ಕಂಡಕ್ಟರರಿಗೆ ಸಾಧ್ಯ. ಭಯವುಳ್ಳವನು ಸ್ಥಳ ಬದಲಿಸಬಹುದು. ಅಂಧನು ಕಣ್ಣನ್ನು ಬದಲಿಸಲಾರ. ಎರಡು ಕಷ್ಟಗಳು ಎದುರಾದಾಗ ಯಾವುದಕ್ಕೆ ದಾರಿಯಿದೆ, ಯಾವುದಕ್ಕಿಲ್ಲ ಎಂದು ನೋಡಿ ತೀರ್ಮಾನಿಸುವುದು ಯುಕ್ತ.

ಶರಣರಲ್ಲಿ ಸಾರಿಗೆಯ ಕಾಯಕದವರೊಬ್ಬರಿದ್ದರು. ತುಂಗಭದ್ರೆಯ ದಂಡೆಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನವರ ನೆನಪು ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ ಇಂದಿಗೂ ಉಳಿದಿದೆ. ಅವರಷ್ಟು ಕಟುವಾಗಿ ಮಾತನಾಡಿದ ವಚನಕಾರರು ವಿರಳ. ಆಚಾರದ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟವರಿಗೆ ಅವರಿಂದ ದೊರೆತದ್ದು ಮುಖಕ್ಕೆ ಹೊಡೆದಂಥ ಮಾತು. ಇಂದು ಬಸ್ಸಿನ ಸ್ಟಿಯರಿಂಗ್ ಹಿಡಿದವರೂ, ಟಿಕೆಟ್ ಯಂತ್ರ ಹಿಡಿದವರೂ ಚೌಡಯ್ಯನವರ ಕಾಯಕವನ್ನೇ ಮುಂದುವರಿಸುತ್ತಿರುವವರು. ಮಠದ ಭಕ್ತರಲ್ಲಿ ಸಾರಿಗೆ ನಿಗಮಗಳ ಚಾಲಕರು, ಕಂಡಕ್ಟರರು, ಡಿಪೊ ವ್ಯವಸ್ಥಾಪಕರು ಸಾಕಷ್ಟು ಮಂದಿ ಇರಬಹುದು. ಅವರ ಕೈಯಲ್ಲಿರುವ ಅಧಿಕಾರ ಚಿಕ್ಕದೆಂದು ಭಾವಿಸಬಾರದು. ಒಬ್ಬ ಅಂಧನ ಪಾಲಿಗೆ ಆ ದಿನದ ಸಂವಿಧಾನವನ್ನು ಜಾರಿಗೆ ತರುವವರು ಬಸ್ಸಿನ ಬಾಗಿಲಲ್ಲಿ ನಿಂತಿರುವ ಆ ಕಂಡಕ್ಟರರೇ.

ಅವರ ಮೇಲೆಯೇ ಎಲ್ಲ ಭಾರ ಹೊರಿಸುವುದೂ ಸರಿಯಲ್ಲ. ನಿಯಮವು ಮಬ್ಬಾಗಿದ್ದರೆ ತಪಾಸಣೆಯವರಿಗೆ ಹೆದರುವ ಕಂಡಕ್ಟರರು ನಿರಾಕರಣೆಯ ಸುರಕ್ಷಿತ ಮಾರ್ಗವನ್ನೇ ಹಿಡಿಯುತ್ತಾರೆ. ಕರ್ನಾಟಕದ ರಸ್ತೆ ಸಾರಿಗೆ ನಿಗಮವು ಸಾಕುನಾಯಿಯನ್ನು ಬಸ್ಸಿನಲ್ಲಿ ಒಯ್ಯುವವರಿಗೆ ಟಿಕೆಟ್ ವಿಧಿಸುತ್ತಿದ್ದು, 2022ರಲ್ಲಿ ಅದನ್ನು ಪೂರ್ಣ ದರದಿಂದ ಅರ್ಧ ದರಕ್ಕೆ ಇಳಿಸಿತು. ಮನೆಯ ಮುದ್ದಿನ ನಾಯಿಗೆ ಈ ಲೆಕ್ಕ ಸರಿಯಾದುದೇ. ಆದರೆ ಅದೇ ಲೆಕ್ಕವನ್ನು ಮಾರ್ಗದರ್ಶಿ ನಾಯಿಗೂ ಹಾಕಿದರೆ, ಉಚಿತ ಪಾಸು ಪಡೆದ ಅಂಧನು ತಾನು ಬಿಟ್ಟಿಯಾಗಿಯೂ ತನ್ನ ಕಣ್ಣು ಅರ್ಧ ಟಿಕೆಟ್ಟಿನಲ್ಲಿಯೂ ಪ್ರಯಾಣಿಸಬೇಕಾಗುತ್ತದೆ. ಕನ್ನಡಕಕ್ಕೆ, ಊರುಗೋಲಿಗೆ, ಕಿವಿಯ ಯಂತ್ರಕ್ಕೆ ಯಾವ ಕಂಡಕ್ಟರರೂ ಟಿಕೆಟ್ ಕೇಳುವುದಿಲ್ಲ. ತರಬೇತಾಗಿ ಹಾರ್ನೆಸ್ ತೊಟ್ಟ ಮಾರ್ಗದರ್ಶಿ ನಾಯಿಯು ಸಾಮಾನೂ ಅಲ್ಲ, ಸಾಕುಪ್ರಾಣಿಯ ದರಕ್ಕೆ ಸೇರಿದುದೂ ಅಲ್ಲ. ಎಲ್ಲ ಬಗೆಯ ಬಸ್ಸುಗಳಲ್ಲಿ ಅದು ಒಡೆಯನ ಕಾಲ ಬಳಿ ಶುಲ್ಕವಿಲ್ಲದೆ ಇರತಕ್ಕದ್ದು. ಅದನ್ನು ನಿರಾಕರಿಸುವುದು ಪ್ರಯಾಣಿಕನನ್ನೇ ನಿರಾಕರಿಸಿದಂತೆ. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳು ಇಷ್ಟನ್ನು ಒಂದು ಸುತ್ತೋಲೆಯಲ್ಲಿ ಅಚ್ಚ ಕನ್ನಡದಲ್ಲಿ ಬರೆದು, ಪ್ರತಿಯೊಂದು ಡಿಪೊದ ಸೂಚನಾಫಲಕದಲ್ಲಿ ಅಂಟಿಸಬೇಕು. ಅದಕ್ಕೆ ಬೊಕ್ಕಸದಿಂದ ಬೇಕಾಗುವ ಹಣ ಕಾಗದದ್ದು ಮಾತ್ರ. ನಿಗಮಗಳಿಗೆ ಈ ಮನವಿಯನ್ನು ಬರೆಯುವ ಕೆಲಸವನ್ನು ಮಠಗಳ ಯುವಘಟಕಗಳೂ ಅಕ್ಕನ ಬ

ಳಗಗಳೂ ಶ್ರಾವಣದ ಪುರಾಣ ಆರಂಭವಾಗುವುದಕ್ಕೆ ಮೊದಲೇ ಕೈಗೆತ್ತಿಕೊಳ್ಳಬಹುದು.